ಜಾಗವಿಲ್ಲದ ಶಾಲೆ, ಜಾಣರ ಸಾಲು

1950ರ ಸೆಪ್ಟೆಂಬರ್ 11ರಂದು ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಗಾರ್ಡ್ನರ್ ಬಿಷಪ್ ಎಂಬವರು ಹನ್ನೊಂದು ಮಕ್ಕಳನ್ನು ಕರೆದುಕೊಂಡು ಒಂದು ಶಾಲೆಗೆ ಹೋದರು. ಬಿಷಪ್ ಮೇಷ್ಟರಲ್ಲ, ವಕೀಲರಲ್ಲ. ಕ್ಷೌರದಂಗಡಿ ನಡೆಸಿ ಸಂಸಾರ ತೂಗಿಸುತ್ತಿದ್ದ ಕಪ್ಪು ಮನುಷ್ಯ. ಶಾಲೆಯ ಹೆಸರು ಜಾನ್ ಫಿಲಿಪ್ ಸೂಸಾ ಜೂನಿಯರ್ ಹೈಸ್ಕೂಲು. ಆ ವರ್ಷವಷ್ಟೇ ತೆರೆದದ್ದು, ಹೊಸ ಸುಣ್ಣದ ವಾಸನೆ ಇನ್ನೂ ಹೋಗದ ಕಟ್ಟಡ. ನಲವತ್ತೆರಡು ತರಗತಿ ಕೋಣೆಗಳು, ಆರುನೂರು ಜನ ಕೂರುವ ಸಭಾಂಗಣ, ಆಟದ ಬಯಲು. ಹಲವು ಕೋಣೆಗಳಲ್ಲಿ ಇನ್ನೂ ಒಂದು ಮಗುವೂ ಕೂತಿರಲಿಲ್ಲ. ಆದರೂ ಹನ್ನೊಂದು ಮಕ್ಕಳಿಗೆ ಜಾಗ ಸಿಗಲಿಲ್ಲ. ಅದು ಬಿಳಿಯರ ಶಾಲೆಯಾಗಿತ್ತು.

ಬಾಗಿಲಿನಿಂದ ಹಿಂದಿರುಗಿದ ಮಕ್ಕಳಲ್ಲಿ ಒಬ್ಬನು ಸ್ಪಾಟ್ಸ್‌ವುಡ್ ಬೋಲಿಂಗ್. ಅವನಿಗೆ ದಕ್ಕಿದ್ದು ಶಾ ಜೂನಿಯರ್ ಹೈಸ್ಕೂಲು. ಕಟ್ಟಿ ನಲವತ್ತೆಂಟು ವರ್ಷವಾಗಿದ್ದ ಅಲ್ಲಿ ವಿಜ್ಞಾನದ ಪ್ರಯೋಗಾಲಯವೆಂದರೆ ಒಂದು ಬನ್ಸೆನ್ ಬರ್ನರ್ ಮತ್ತು ಒಂದು ಗಾಜಿನ ಬಟ್ಟಲಲ್ಲಿ ಹೊನ್ನಮೀನು, ಅಷ್ಟೇ.

ಅಮೆರಿಕದಲ್ಲಿ ವರ್ಣಭೇದದ ಶಾಲೆಗಳ ವಿರುದ್ಧ ನಡೆದ ಹೋರಾಟವೆಂದರೆ ನಾವು ಸಾಮಾನ್ಯವಾಗಿ ಸಂವಿಧಾನ, ಸಮಾನತೆ, ನ್ಯಾಯಪೀಠ ಮುಂತಾದ ದೊಡ್ಡ ಮಾತುಗಳನ್ನೇ ನೆನೆಯುತ್ತೇವೆ. ವಾಷಿಂಗ್ಟನ್ನಿನಲ್ಲಿ ಅದು ಹುಟ್ಟಿದ್ದು ಮಾತ್ರ ಬೆಂಚಿನ ಮೇಲಿನ ಇಕ್ಕಟ್ಟಿನಿಂದ. 1947ರ ಹೊತ್ತಿಗೆ ಕಪ್ಪು ಮಕ್ಕಳ ಬ್ರೌನ್ ಜೂನಿಯರ್ ಹೈಸ್ಕೂಲಿನಲ್ಲಿ ಅದು ತಾಳುವುದಕ್ಕಿಂತ ಸುಮಾರು ದುಪ್ಪಟ್ಟು ಮಕ್ಕಳು ತುಂಬಿದ್ದರು. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಇನ್ನೊಂದು ಪಾಳಿ. ಶಾಲಾ ಮಂಡಳಿ ಕಂಡುಕೊಂಡ ಪರಿಹಾರವೆಂದರೆ ಬಿಳಿಯರು ಬಿಟ್ಟುಹೋದ ಎರಡು ಹಳೆಯ ಪ್ರಾಥಮಿಕ ಶಾಲೆಗಳನ್ನು ಬ್ರೌನ್‌ಗೆ ಜೋಡಿಸುವುದು. ಮಕ್ಕಳು ಪಾಠದಿಂದ ಪಾಠಕ್ಕೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬೀದಿಯಲ್ಲಿ ನಡೆಯಬೇಕು. ತಾಯ್ತಂದೆಯರ ಸಹನೆ ಅಲ್ಲಿಗೆ ಮುಗಿಯಿತು. ಡಿಸೆಂಬರಿನಲ್ಲಿ ಅವರು ಮಕ್ಕಳನ್ನು ಶಾಲೆಗೆ ಕಳಿಸುವುದನ್ನೇ ನಿಲ್ಲಿಸಿದರು. ಮುಂದಾಳು ಬಿಷಪ್.

ಕಪ್ಪು ಜನರಲ್ಲೇ ಓದಿದವರು, ಸ್ಥಿತಿವಂತರು ಇವರ ಜೊತೆ ನಿಲ್ಲಲಿಲ್ಲ ಎಂಬುದನ್ನು ಮರೆಯಬಾರದು. ಬ್ರೌನ್ ಶಾಲೆಯ ಪೋಷಕ-ಶಿಕ್ಷಕ ಸಂಘದ ಸುಶಿಕ್ಷಿತರು ಕೋರ್ಟಿನ ದಾರಿ ಹಿಡಿದಿದ್ದರು. ಕ್ಷೌರಿಕನೂ ಅವನ ಹಿಂದಿನ ಕೂಲಿಯವರೂ ಬೀದಿಗಿಳಿದದ್ದು ಅವರಿಗೆ ಮುಜುಗರ ತಂದಿತ್ತು. ಅವರ ಮೊಕದ್ದಮೆ 1950ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. ಬಿಷಪ್ ಜೊತೆಗೆ ಬಂದವರು ಹೆಸರಾಂತ ವಕೀಲ ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್. ಅವರೂ ಆ ಏಪ್ರಿಲ್‌ನಲ್ಲಿ ತೀರಿಕೊಂಡರು. ಹಾಸಿಗೆ ಹಿಡಿದಿದ್ದಾಗಲೇ ಅವರು ಬಿಷಪ್‌ಗೆ ಹೊವಾರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ನಬ್ರಿಟ್ ಅವರ ಕಡೆ ಬೆರಳು ತೋರಿಸಿದ್ದರು. ನಬ್ರಿಟ್ ಒಂದು ಷರತ್ತು ಹಾಕಿದರು: ಇನ್ನೊಂದು ಕಟ್ಟಡ ಕೊಡಿ, ಇನ್ನಷ್ಟು ಬೆಂಚು ಕೊಡಿ ಎಂದು ಕೇಳುವುದಾದರೆ ನಾನು ಬರುವುದಿಲ್ಲ, ಬೇರೆ ಬೇರೆ ಶಾಲೆಗಳೇ ತಪ್ಪು ಎಂದು ಕೇಳುವುದಾದರೆ ಬರುತ್ತೇನೆ. ಬಿಷಪ್ ಒಪ್ಪಿದರು. ಸೂಸಾ ಶಾಲೆಯ ಬಾಗಿಲು ತಟ್ಟಿದ್ದು ಆ ಒಪ್ಪಂದದ ಮೇಲೆಯೇ. ‘ಬೋಲಿಂಗ್ ವಿರುದ್ಧ ಶಾರ್ಪ್’ ಮೊಕದ್ದಮೆ 1954ರ ಮೇ 17ರಂದು, ಪ್ರಸಿದ್ಧ ‘ಬ್ರೌನ್’ ತೀರ್ಪು ಬಂದ ದಿನವೇ, ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. (ಆ ‘ಬ್ರೌನ್’ ಕ್ಯಾನ್ಸಾಸಿನ ಒಬ್ಬ ತಂದೆಯ ಹೆಸರು, ನಮ್ಮ ಬ್ರೌನ್ ಶಾಲೆಗೂ ಅದಕ್ಕೂ ಸಂಬಂಧವಿಲ್ಲ.)

ಕಥೆಯಾಗಿದ್ದರೆ ಇಲ್ಲಿಗೆ ಮುಗಿಸಬಹುದಿತ್ತು.

ಶಾಲೆಗಳು ಬೆರೆತ ಮೇಲೆ ಎಲ್ಲ ಮಕ್ಕಳಿಗೂ ಪರೀಕ್ಷೆ ನಡೆಯಿತು. ಅಷ್ಟು ವರ್ಷ ಇಕ್ಕಟ್ಟಿನಲ್ಲಿ, ಅರ್ಧ ದಿನದ ಪಾಳಿಯಲ್ಲಿ ಕಲಿತ ಮಕ್ಕಳ ಅಂಕ ಕಡಿಮೆ ಬಂದದ್ದು ಸಹಜವೇ. ಆದರೆ ದಕ್ಷಿಣದ ಕೆಲವು ಸಂಸತ್ ಸದಸ್ಯರು 1956ರಲ್ಲಿ ವಿಚಾರಣೆ ನಡೆಸಿ, ನೋಡಿ, ಬೆರೆಸಿದ್ದರ ಫಲ ಇದು ಎಂದು ಅದೇ ಅಂಕಗಳನ್ನು ಎತ್ತಿ ತೋರಿಸಿದರು. ಬಿಳಿಯ ಕುಟುಂಬಗಳು ಉಪನಗರಗಳಿಗೆ ಗಂಟುಮೂಟೆ ಕಟ್ಟುತ್ತಿದ್ದವು. ಆ ಹೊತ್ತಿನಲ್ಲಿ ಶಾಲಾ ಅಧಿಕಾರಿ ಕಾರ್ಲ್ ಹ್ಯಾನ್ಸನ್ ಒಂದು ಯೋಜನೆ ತಂದರು. ಹೈಸ್ಕೂಲಿನ ಮಕ್ಕಳನ್ನು ನಾಲ್ಕು ಸಾಲು ಮಾಡುವುದು. ಪ್ರತಿಭಾವಂತರಿಗೆ ‘ಆನರ್ಸ್’, ಕಾಲೇಜಿಗೆ ಹೋಗುವವರಿಗೆ ‘ರೆಗ್ಯುಲರ್’, ಉಳಿದವರಿಗೆ ‘ಜನರಲ್’, ಹಿಂದುಳಿದವರಿಗೆ ‘ಬೇಸಿಕ್’. 1959ರಲ್ಲಿ ಇದು ಪ್ರಾಥಮಿಕ ಶಾಲೆಗೂ ಇಳಿಯಿತು. ಅಲ್ಲಿ ಮೂರು ಸಾಲು.

ಹ್ಯಾನ್ಸನ್ ಅವರನ್ನು ಖಳನಾಯಕನಂತೆ ಬರೆಯಲು ನಮಗೆ ಮನಸ್ಸಿಲ್ಲ. ಶಾಲೆಗಳ ಬೆರಕೆಯನ್ನು ಅವರು ಮನಃಪೂರ್ವಕ ಬೆಂಬಲಿಸಿದ್ದರು, ಅದರ ಪರವಾಗಿ ಪುಸ್ತಿಕೆ ಬರೆದಿದ್ದರು. ಪ್ರತಿ ಮಗುವಿಗೂ ಅದರ ಶಕ್ತಿಗೆ ತಕ್ಕ ಪಾಠ ಎಂಬುದನ್ನು ಯಾವ ತಾಯಿ ಬೇಡವೆನ್ನುತ್ತಾಳೆ? ತೊಡಕಿದ್ದದ್ದು ಆ ಶಕ್ತಿಯನ್ನು ಅಳೆದ ರೀತಿಯಲ್ಲಿ. ಒಂದು ಕೋಣೆಯ ಮಕ್ಕಳಿಗೆಲ್ಲ ಒಟ್ಟಿಗೆ ಕೊಡುವ ಬುದ್ಧಿ ಪರೀಕ್ಷೆಗಳು ಬಿಳಿಯ ಮಧ್ಯಮ ವರ್ಗದ ಮನೆಯ ಮಾತು, ಮನೆಯ ಅನುಭವಗಳ ಮೇಲೆ ನಿಂತಿದ್ದವು. ನಾವೂ ಉರ್ದು ಶಾಲೆ ಮುಗಿಸಿ ಕನ್ನಡ ಹೈಸ್ಕೂಲಿಗೆ ಬಂದಾಗ ಇಂಥದೊಂದು ಪರೀಕ್ಷೆಗೆ ಕೂತಿದ್ದೆವು. ಪ್ರಶ್ನೆಯಲ್ಲಿ ಕೇಳಿದ್ದು ‘ಲಘುತಮ ಸಾಮಾನ್ಯ ಅಪವರ್ತ್ಯ’. ನಮಗೆ ಗೊತ್ತಿದ್ದದ್ದು ‘ಜೂ ಅಜಾಫ್ ಅಕಲ್’. ಎರಡೂ ಒಂದೇ ಲೆಕ್ಕವೆಂದು ತಿಳಿಯುವ ಹೊತ್ತಿಗೆ ನಮ್ಮನ್ನು ‘ಸಿ’ ವಿಭಾಗದಲ್ಲಿ ಕೂರಿಸಿ ಆಗಿತ್ತು.

ಈಗ ಜೂಲಿಯಸ್ ಹಾಬ್ಸನ್ ಎಂಬ ತಂದೆಯ ವಿಷಯಕ್ಕೆ ಬರೋಣ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದವರು. ಹೊಟ್ಟೆಪಾಡಿಗೆ ಸರ್ಕಾರಿ ಕಚೇರಿಯಲ್ಲಿ ಅಂಕಿ-ಅಂಶಗಳ ಕೆಲಸ, ಸ್ವಭಾವದಲ್ಲಿ ಜಗಳಗಂಟ. ಒಮ್ಮೆ ಬಡವರ ಕೇರಿಯ ಇಲಿಗಳನ್ನು ಹಿಡಿದು ಜಾರ್ಜ್‌ಟೌನಿನ ಶ್ರೀಮಂತರ ಬೀದಿಯಲ್ಲಿ ಬಿಡುತ್ತೇನೆಂದು ಪುರಸಭೆಯನ್ನು ಹೆದರಿಸಿದ್ದ ಮನುಷ್ಯ. ಆದರೆ ಶಾಲೆಯ ವಿಷಯದಲ್ಲಿ ಅವರು ಹಿಡಿದ ಆಯುಧ ಘೋಷಣೆಯಲ್ಲ, ಎಣಿಕೆ. ಯಾವ ಶಾಲೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಕುರ್ಚಿ, ಎಷ್ಟು ಡಾಲರ್, ಯಾವ ಸಾಲಿನಲ್ಲಿ ಯಾರ ಮಕ್ಕಳು ಎಂದು ಅವರು ಲೆಕ್ಕ ಹಾಕುತ್ತಾ ಹೋದರು. ಆ ಲೆಕ್ಕವನ್ನು ಹಿಡಿದುಕೊಂಡೇ ಹ್ಯಾನ್ಸನ್ ಮೇಲೆ ಮೊಕದ್ದಮೆ ಹೂಡಿದರು.

ಆಗ ನಗರದ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ನೂರಕ್ಕೆ ತೊಂಬತ್ತರಷ್ಟು ಕಪ್ಪು ಮಕ್ಕಳೇ. ಉಳಿದ ಬಿಳಿಯ ಮಕ್ಕಳು ಹೆಚ್ಚಾಗಿ ರಾಕ್ ಕ್ರೀಕ್ ಉದ್ಯಾನದ ಪಶ್ಚಿಮಕ್ಕಿದ್ದರು. ಅಲ್ಲಿನ ಶಾಲೆಗಳಲ್ಲಿ ಕುರ್ಚಿಗಳು ಖಾಲಿ. ಪೂರ್ವದ ಶಾಲೆಗಳಲ್ಲಿ ಮಿತಿಮೀರಿದ ಮಕ್ಕಳು. ಬಿಳಿಯರೇ ಹೆಚ್ಚಿದ್ದ ಪ್ರಾಥಮಿಕ ಶಾಲೆಗಳಲ್ಲಿ ಮಗುವೊಂದಕ್ಕೆ ವರ್ಷಕ್ಕೆ 392 ಡಾಲರ್ ಖರ್ಚಾಗುತ್ತಿದ್ದರೆ, ಕಪ್ಪು ಮಕ್ಕಳ ಶಾಲೆಗಳಲ್ಲಿ 292. ಪೂರ್ವದ ಹಲವು ಶಾಲೆಗಳಲ್ಲಿ ಜಾಗವಿಲ್ಲವೆಂದು ಶಿಶುವಿಹಾರಕ್ಕೆ ಸೇರಬೇಕಾದ ಮಕ್ಕಳನ್ನು ಕಾಯಿಸುತ್ತಿದ್ದರು. ಪಶ್ಚಿಮದ ಮಗು ಶಿಶುವಿಹಾರದಲ್ಲಿ ಬಣ್ಣ, ಅಕ್ಷರ, ಕಥೆ ಕಲಿತು ಬರುತ್ತಿತ್ತು. ಪೂರ್ವದ ಮಗು ಮನೆಯಲ್ಲೇ ಉಳಿಯುತ್ತಿತ್ತು. ಮುಂದೆ ಇಬ್ಬರಿಗೂ ಒಂದೇ ಪರೀಕ್ಷೆ. ಹಾಬ್ಸನ್ ಅವರ ಲೆಕ್ಕದ ಪುಸ್ತಕದಲ್ಲಿ ಇಕ್ಕಟ್ಟೂ ಜಾಣರ ಸಾಲೂ ಎರಡು ಬೇರೆ ದೂರುಗಳಾಗಿರಲಿಲ್ಲ. ಮೊದಲನೆಯದು ಎರಡನೆಯದನ್ನು ಹೆತ್ತಿತ್ತು. ಕೆಲವು ಬಡ ಬಡಾವಣೆಗಳ ಶಾಲೆಗಳಲ್ಲಂತೂ ‘ಆನರ್ಸ್’ ಸಾಲೇ ಇರಲಿಲ್ಲ. ಅಲ್ಲಿ ಹುಟ್ಟಿದ ಜಾಣ ಮಗು ಎಲ್ಲಿ ಹೋಗಿ ಕೂರಬೇಕು?

ಎಲ್ಲಕ್ಕಿಂತ ಎದೆಗೆ ನಾಟಿದ್ದು ಇನ್ನೊಂದು ಅಂಕಿ. 1965ರಲ್ಲಿ, ಕೆಳಗಿನ ಸಾಲಿಗೆ ಹಾಕುವ ಮೊದಲು ಮನಶ್ಶಾಸ್ತ್ರಜ್ಞರು ಮಗುವನ್ನು ಪ್ರತ್ಯೇಕವಾಗಿ ಕಂಡು ಮಾತಾಡಿಸಬೇಕೆಂಬ ನಿಯಮ ಬಂತು. ಹಾಗೆ ಕೂರಿಸಿ ನೋಡಿದ 1,272 ಮಕ್ಕಳಲ್ಲಿ 820 ಮಕ್ಕಳ ವಿಷಯದಲ್ಲಿ ತೀರ್ಮಾನ ತಪ್ಪಾಗಿತ್ತು. ಅವರು ಆ ಸಾಲಿನವರೇ ಅಲ್ಲ! ಅದಕ್ಕೂ ಮುಂಚಿನ ವರ್ಷಗಳಲ್ಲಿ ಯಾರೂ ಹೀಗೆ ಕೂರಿಸಿ ನೋಡದೆ ಕೆಳಗಿನ ಸಾಲಿನಿಂದಲೇ ಶಾಲೆ ಮುಗಿಸಿದವರನ್ನು ಎಣಿಸಿದವರಿಲ್ಲ. ಕೆಳಗೆ ಬಿದ್ದ ಮಗು ಮೇಲೆ ಬಂದದ್ದು ಅಪರೂಪ. ಬರುವುದಾದರೂ ಹೇಗೆ? ಅಲ್ಲಿ ಕಲಿಸುವ ಪಾಠವೇ ಬೇರೆ.

ವಿಚಾರಣೆ ನಡೆಸಿದವರು ಜೆ. ಸ್ಕೆಲ್ಲಿ ರೈಟ್. ನ್ಯೂ ಆರ್ಲಿಯನ್ಸ್‌ನ ಬಿಳಿಯ ನ್ಯಾಯಾಧೀಶ. 1960ರಲ್ಲಿ ತಮ್ಮೂರಿನ ಶಾಲೆಗಳ ಬಾಗಿಲನ್ನು ಕಪ್ಪು ಮಕ್ಕಳಿಗೆ ತೆರೆಸಿ, ಊರಿನ ಗೆಳೆಯರ ಮುಖ ತಿರುಗಿಸಿಕೊಂಡವರು. 1967ರ ಜೂನ್ 19ರಂದು ಅವರು ನೂರು ಪುಟ ಮೀರಿದ ತೀರ್ಪು ಕೊಟ್ಟರು. ಮಕ್ಕಳನ್ನು ಶಕ್ತಿಗನುಸಾರ ಗುಂಪು ಮಾಡುವುದೇ ಅಪರಾಧವೆಂದು ಅವರು ಹೇಳಲಿಲ್ಲ. ವಾಷಿಂಗ್ಟನ್ನಿನ ಸಾಲುಗಳು ಅಳೆಯುತ್ತಿದ್ದುದು ಮಗುವಿನ ಶಕ್ತಿಯನ್ನಲ್ಲ, ಅದರ ಬಣ್ಣವನ್ನೂ ಮನೆಯ ಬಡತನವನ್ನೂ. ಆದ್ದರಿಂದ ಅವನ್ನು ರದ್ದು ಮಾಡಬೇಕು ಎಂದರು. ತುಂಬಿದ ಶಾಲೆಗಳಿಂದ ಇಷ್ಟಪಟ್ಟು ಬರುವ ಮಕ್ಕಳನ್ನು ಬಸ್ಸಿನಲ್ಲಿ ಪಶ್ಚಿಮದ ಖಾಲಿ ಕುರ್ಚಿಗಳಿಗೆ ಕರೆದೊಯ್ಯಬೇಕೆಂದೂ ಆಜ್ಞೆ ಮಾಡಿದರು.

ಶಾಲಾ ಮಂಡಳಿ ಮೇಲ್ಮನವಿ ಬೇಡವೆಂದಿತು. ಹ್ಯಾನ್ಸನ್ ಹುದ್ದೆ ಬಿಟ್ಟರು. ಆದರೆ ಈ ತೀರ್ಪು ನಮಗೆ ಒಪ್ಪಿಗೆಯಿಲ್ಲ ಎಂದು ಇಪ್ಪತ್ತು ಮಂದಿ ಪೋಷಕರು ಮೇಲಿನ ನ್ಯಾಯಾಲಯಕ್ಕೆ ಹೋದರು. ಒಂದು ಕಡೆ ಹಾಬ್ಸನ್, ಇನ್ನೊಂದು ಕಡೆ ಈ ಇಪ್ಪತ್ತು ಮಂದಿ. ಎರಡೂ ಕಡೆಯವರು ತಾಯ್ತಂದೆಯರೇ, ಇಬ್ಬರ ಬಾಯಲ್ಲೂ ಮಕ್ಕಳ ಭವಿಷ್ಯದ ಮಾತೇ. 1969ರಲ್ಲಿ ತೀರ್ಪು ಮುಖ್ಯವಾಗಿ ಎತ್ತಿಹಿಡಿಯಲ್ಪಟ್ಟಿತು.

ಹಾಬ್ಸನ್ 1968ರಲ್ಲಿ ವಾಷಿಂಗ್ಟನ್ನಿನ ಜನ ಮೊದಲ ಬಾರಿಗೆ ತಾವೇ ಆರಿಸಿದ ಶಾಲಾ ಮಂಡಳಿಗೆ ಗೆದ್ದು, ಮರುವರ್ಷವೇ ಸೋತರು. ಎಣಿಕೆ ಮಾತ್ರ ನಿಲ್ಲಿಸಲಿಲ್ಲ. ಸಾಲುಗಳು ಹೋದರೂ ಹಣದ ತಾರತಮ್ಯ ಹೋಗಿಲ್ಲವೆಂದು ಮತ್ತೆ ಅದೇ ನ್ಯಾಯಾಧೀಶರ ಮುಂದೆ ಲೆಕ್ಕ ಇಟ್ಟರು. 1971ರಲ್ಲಿ ರೈಟ್, ಪ್ರಾಥಮಿಕ ಶಾಲೆಗಳಲ್ಲಿ ಶಿಕ್ಷಕರ ಸಂಬಳಕ್ಕಾಗಿ ಮಗುವೊಂದಕ್ಕೆ ಮಾಡುವ ಖರ್ಚು ನಗರದ ಸರಾಸರಿಯಿಂದ ನೂರಕ್ಕೆ ಐದಕ್ಕಿಂತ ಹೆಚ್ಚು ಆಚೀಚೆ ಆಗಕೂಡದು ಎಂದು ಆಜ್ಞೆ ಮಾಡಿದರು. ಆ ಹೊತ್ತಿಗೆ ಹಾಬ್ಸನ್‌ಗೆ ಕ್ಯಾನ್ಸರ್ ತಗುಲಿತ್ತು. ಗಾಲಿಕುರ್ಚಿಯಲ್ಲಿ ಕೂತೇ ನಗರ ಪರಿಷತ್ತಿಗೆ ಆರಿಸಿ ಬಂದ ಅವರು 1977ರಲ್ಲಿ ತೀರಿಕೊಂಡರು. ಸೂಸಾ ಶಾಲೆಯ ಕಟ್ಟಡವನ್ನು 2001ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಲಾಯಿತು.