ಕಡಲ ಮೇಲಿನ ಒಂಟಿ ಸಂಸಾರ

ಫೋರ್ಟಿನ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಹೊಟೇಲುಗಳಲ್ಲಿ ಅರ್ಧ ಆಯುಷ್ಯ ಸವೆಸಿದ ಕನ್ನಡಿಗರು ನಮ್ಮಲ್ಲಿ ಸಾವಿರಾರು ಮಂದಿ. ಆದರೂ ಶಹೀದ್ ಭಗತ್‌ಸಿಂಗ್ ರಸ್ತೆಯ ಲಯನ್ ಗೇಟಿನ ಆಚೆ ಏನಿದೆಯೆಂದು ನಾವು ಇಣುಕಿ ನೋಡಿದ್ದು ಕಡಿಮೆ; ನೌಕಾದಳದ ಕಾವಲಿನವರು ನೋಡಗೊಡುವುದೂ ಇಲ್ಲವೆನ್ನಿ. ಆ ಗೋಡೆಯ ಹಿಂದಿರುವುದು ಮುಂಬಯಿಯ ಹಳೆಯ ಹಡಗುಕಟ್ಟೆ. 1736ರಲ್ಲಿ ಸೂರತ್ತಿನಿಂದ ಬಂದ ಲವ್‌ಜಿ ನಸರ್ವಾನ್‌ಜಿ ವಾಡಿಯಾ ಮತ್ತು ಅವರ ವಂಶದವರು ಒಂದೂವರೆ ಶತಮಾನ ಕಾಲ ಈ ಊರಿನಲ್ಲಿ ಹಡಗು ಕಟ್ಟಿದರು. 1817ರಲ್ಲಿ ಇಲ್ಲಿ ನೀರಿಗಿಳಿದ ‘ಟ್ರಿಂಕೋಮಲಿ’ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. ಅದಕ್ಕೆ ಕಾರಣ ಸಾಗುವಾನಿ. ಓಕ್ ಮರ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ಎಣ್ಣೆಯಂಶವುಳ್ಳ ತೇಗ ಹಾಗೆ ಮಾಡುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಈ ಕಟ್ಟೆಯ ಹಸಿವಿಗೆ ಮಲಬಾರಿನ ಕಾಡುಗಳೊಡನೆ ನಮ್ಮ ಕನ್ನಡ ಜಿಲ್ಲೆಯ ಕಾಡುಗಳೂ ಬಲಿಯಾದವು.

ದೊಡ್ಡ ಹಡಗುಗಳ ಚರಿತ್ರೆಯನ್ನು ಬಹಳ ಮಂದಿ ಬರೆದಿದ್ದಾರೆ. ನಾವು ಹೇಳಹೊರಟದ್ದು ಇದೇ ನೀರಿನಿಂದ ಹೊರಟು ಮಹಾಸಾಗರ ದಾಟಿದ ಪುಟ್ಟ ಹಾಯಿದೋಣಿಗಳ ಸಂಗತಿ. ಅದರಲ್ಲೂ ಅವುಗಳೊಳಗೆ ಮನುಷ್ಯ ಉಂಡದ್ದು, ಮಲಗಿದ್ದು, ದಿನ ನೂಕಿದ್ದು ಹೇಗೆ ಎಂಬುದು.

ಮೊದಲು ‘ಸುಹೈಲಿ’. ಬ್ರಿಟಿಷ್ ಇಂಡಿಯಾ ಹಡಗು ಕಂಪೆನಿಯ ತರುಣ ಅಧಿಕಾರಿ ರಾಬಿನ್ ನಾಕ್ಸ್-ಜಾನ್‌ಸ್ಟನ್ 1960ರ ದಶಕದಲ್ಲಿ ಅದನ್ನು ಕಟ್ಟಿಸಿದ್ದು ಮುಂಬಯಿಯ ಕೊಲಾಬಾದಲ್ಲಿ. ಬಾಚಿ, ಕೈಗರಗಸ ಹಿಡಿದ ನಮ್ಮ ಬಡಗಿಗಳು ತೇಗದಲ್ಲಿ ರೂಪಿಸಿದ ದೋಣಿ ಅದು; ಉದ್ದ 32 ಅಡಿ. ಚಾಳಿನ ಮೂರು ಖೋಲಿಗಳನ್ನು ಸಾಲಾಗಿಟ್ಟರೆ ಮುಗಿಯಿತು. ಹೆಸರು ಅರಬರ ಭಾಷೆಯ ಒಂದು ಗಾಳಿಯದು. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಹೊರಟ ನಾಕ್ಸ್-ಜಾನ್‌ಸ್ಟನ್, ಎಲ್ಲಿಯೂ ನಿಲ್ಲದೆ ಒಬ್ಬರೇ ಭೂಪ್ರದಕ್ಷಿಣೆ ಮುಗಿಸಿ 1969ರ ಏಪ್ರಿಲ್ 22ರಂದು ಅದೇ ಬಂದರಿಗೆ ಮರಳಿದರು. ಲೋಕದಲ್ಲಿ ಹಾಗೆ ಮಾಡಿದ ಮೊದಲಿಗರು ಅವರೇ. ಆ ಸ್ಪರ್ಧೆಗೆ ಒಂಬತ್ತು ಮಂದಿ ಹೊರಟಿದ್ದರು, ಮುಗಿಸಿದವರು ಒಬ್ಬರೇ. ದೋಣಿಯವನ ಹೆಸರು ಪ್ರಪಂಚಕ್ಕೆಲ್ಲ ಗೊತ್ತಾಯಿತು. ಬಾಚಿ ಹಿಡಿದವರ ಹೆಸರನ್ನು ಮುಂಬಯಿಯಲ್ಲೇ ಯಾರೂ ಹೇಳುವುದಿಲ್ಲ.

ಆ ಹತ್ತು ತಿಂಗಳ ಸಂಸಾರ ಸುಖದ್ದಲ್ಲ. ದಕ್ಷಿಣ ಸಾಗರವನ್ನು ಹೊಕ್ಕೊಡನೆ ಒಂದು ಅಲೆ ದೋಣಿಯನ್ನು ಪಕ್ಕಕ್ಕೆ ಕೆಡವಿತು. ಕೋಣೆಯ ಮೇಲ್ಕಟ್ಟೇ ಅಲುಗಾಡಿತು. ತೊಟ್ಟಿಯ ಕುಡಿಯುವ ನೀರು ಕೆಟ್ಟಿತು. ಅಂದಿನಿಂದ ಮಳೆಯೇ ದಿಕ್ಕು. ಹಾಯಿಯ ಮೇಲೆ ಬಿದ್ದ ಮಳೆಯನ್ನು ಬಕೇಟಿಗಿಳಿಸುವುದು ಹೇಳಿದಷ್ಟು ಸುಲಭವಲ್ಲ. ಮೊದಲ ನೀರು ಹಾಯಿಗೆ ಅಂಟಿದ ಉಪ್ಪನ್ನು ತೊಳೆದು ಹೋಗಬೇಕು, ಆಮೇಲಿನದು ಮಾತ್ರ ಬಾಯಿಗೆ. ಅಷ್ಟರಲ್ಲಿ ಮಳೆಯೇ ನಿಂತರೆ? ನಲ್ಲಿಯ ನೀರು ಬರುವ ಹೊತ್ತಿಗೆ ಕಾದು ಕುಳಿತ ನಮ್ಮ ಗೃಹಿಣಿಯರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ.

ದೋಣಿಯ ತಳದಲ್ಲಿ ನೀರು ಒಸರತೊಡಗಿದ್ದು ಇನ್ನೊಂದು ಕಥೆ. ನಡುಗಡಲಲ್ಲಿ ನೀರಿಗಿಳಿದು, ಉಸಿರು ಕಟ್ಟಿ ಮುಳುಗಿ, ಬಿರುಕಿನ ಮೇಲೆ ಕ್ಯಾನ್ವಾಸಿನ ಪಟ್ಟಿ ಇಟ್ಟು ಮೊಳೆ ಹೊಡೆಯಬೇಕು. ಅದರ ಮೇಲೆ ತಾಮ್ರದ ತಗಡು. ನಡುವೆ ಒಂದು ಷಾರ್ಕ್ ಸುತ್ತ ತಿರುಗತೊಡಗಿದಾಗ ಮೇಲೆ ಹತ್ತಿ ಅದನ್ನು ಬಂದೂಕಿನಿಂದ ಹೊಡೆದು, ಮತ್ತೆ ಇಳಿದು ಕೆಲಸ ಮುಂದುವರಿಸಿದರು. ಸುದ್ದಿ ಕಳುಹಿಸುವ ರೇಡಿಯೋ ಎರಡೂವರೆ ತಿಂಗಳಿಗೇ ಕೆಟ್ಟಿತ್ತು. ನ್ಯೂಜಿಲೆಂಡ್ ದಾಟಿದ ಮೇಲೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಆತ ಬದುಕಿದ್ದಾರೆಯೇ ಇಲ್ಲವೇ ಎಂಬುದು ಮನೆಯವರಿಗೆ ತಿಳಿಯಲಿಲ್ಲ. ಗೆದ್ದ 5,000 ಪೌಂಡುಗಳನ್ನು ಅವರು, ಅದೇ ಸ್ಪರ್ಧೆಯಲ್ಲಿ ಕಡಲ ಪಾಲಾದ ಡೊನಾಲ್ಡ್ ಕ್ರೌಹರ್ಸ್ಟರ ಕುಟುಂಬಕ್ಕೆ ಕೊಟ್ಟುಬಿಟ್ಟರು.

ಭಾರತೀಯರ ಸರದಿ ಬಂದದ್ದು ತಡವಾಗಿ. ನಮ್ಮ ಸೇನೆಯ ಇಂಜಿನಿಯರುಗಳ ತಂಡ ‘ತೃಷ್ಣಾ’ ದೋಣಿಯಲ್ಲಿ ಭೂಮಿ ಸುತ್ತಿ 1987ರ ಜನವರಿಯಲ್ಲಿ ಮುಂಬಯಿಗೆ ಬಂದಿತು. ಒಂಟಿಯಾಗಿ ಸುತ್ತಿದ ಮೊದಲ ಭಾರತೀಯ ನೌಕಾದಳದ ದಿಲೀಪ್ ದೊಂದೆ. 2009ರ ಆಗಸ್ಟ್ 19ರಂದು ಮುಂಬಯಿ ಬಿಟ್ಟು, ನಾಲ್ಕು ಕಡೆ ಮಾತ್ರ ತಂಗಿ, 2010ರ ಮೇ 19ರಂದು ಮರಳಿದರು. ಈ ಸಾಹಸವನ್ನು ಕನಸಿ, ಬೆನ್ನಿಗೆ ನಿಂತವರು ನಿವೃತ್ತ ವೈಸ್ ಅಡ್ಮಿರಲ್ ಮನೋಹರ ಅವಟಿ. ದೋಣಿ ‘ಮ್ಹಾದೆಯಿ’, 56 ಅಡಿ; ಗೋವೆಯ ದಿವಾಡಿಯಲ್ಲಿ ರತ್ನಾಕರ ದಾಂಡೇಕರ್ ಕಟ್ಟಿದ್ದು. ಈ ಮ್ಹಾದೆಯಿ ಬೇರೆ ಯಾರೂ ಅಲ್ಲ, ಖಾನಾಪುರ ತಾಲೂಕಿನಲ್ಲಿ ಹುಟ್ಟಿ ಗೋವೆಗೆ ಇಳಿಯುವ ನಮ್ಮ ಮಹದಾಯಿಯೇ. ನೀರಿನ ಹಂಚಿಕೆಯ ವಿಷಯದಲ್ಲಿ ಎರಡು ರಾಜ್ಯಗಳು ಜಗಳವಾಡುತ್ತಿರಲಿ, ಅವಳ ಹೆಸರು ಮಾತ್ರ ಏಳು ಸಮುದ್ರ ಸುತ್ತಿ ಬಂತು.

ಅದೇ ದೋಣಿಯಲ್ಲಿ ಅಭಿಲಾಷ್ ಟೋಮಿ 2012ರ ನವೆಂಬರ್ 1ರಂದು ಗೇಟ್‌ವೇಯಿಂದ ಹೊರಟು, ಎಲ್ಲಿಯೂ ನಿಲ್ಲದೆ 2013ರ ಮಾರ್ಚ್ 31ಕ್ಕೆ ಮುಂಬಯಿ ಸೇರಿದರು. ಐದು ತಿಂಗಳು ಅಂಗಡಿಯಿಲ್ಲ, ವೈದ್ಯರಿಲ್ಲ, ಮಾತಿಗೆ ಎದುರಾಳಿಯಿಲ್ಲ. ಇಂಥ ದೋಣಿಯಲ್ಲಿ ರಾತ್ರಿ ಎಂಟು ಗಂಟೆಯ ನಿದ್ದೆ ಎಂಬುದೇ ಇಲ್ಲ. ಹಡಗುಗಳು ಓಡಾಡುವ ದಾರಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಕಣ್ಣು ಮುಚ್ಚಿ, ಗಂಟೆ ಬಾರಿಸಿದೊಡನೆ ಎದ್ದು ದಿಗಂತ ನೋಡಿ, ಮತ್ತೆ ಮಲಗುವುದು. ಬೆಳಗಾದರೆ ಹಗ್ಗ ಸವೆದಿದೆಯೇ, ಹಾಯಿ ಹರಿದಿದೆಯೇ ಎಂಬ ತಪಾಸಣೆ, ಹರಿದಿದ್ದರೆ ಸೂಜಿ-ದಾರ. ಬಟ್ಟೆ ಎಂದೂ ಪೂರ್ತಿ ಒಣಗುವುದಿಲ್ಲ, ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಯೆಲ್ಲ ಹುಣ್ಣು.

ಊಟದ ವಿಷಯಕ್ಕೆ ಬಂದರೆ ನಾವು ಕನ್ನಡಿಗರು ಸ್ವಲ್ಪ ಜಂಬ ಪಡಬಹುದು. ತಾಜಾ ತರಕಾರಿ ಕೆಲವು ವಾರದ ಮಾತು. ಈರುಳ್ಳಿ, ಆಲೂಗಡ್ಡೆ ಇನ್ನಷ್ಟು ದಿನ ಬಾಳುತ್ತವೆ. ಆಮೇಲೆ? ‘ಸುಹೈಲಿ’ಯ ಕಾಲದಲ್ಲಿ ತಗಡಿನ ಡಬ್ಬಿಗಳೇ ಗತಿ. ಚೀಟಿ ನೆನೆದು ಕಳಚಿದರೆ ಯಾವುದು ಮಾಂಸ, ಯಾವುದು ಹಣ್ಣು ತಿಳಿಯದೆಂದು, ನಾವಿಕರು ಮೊದಲೇ ಚೀಟಿ ಕಿತ್ತು ಬಣ್ಣದಲ್ಲಿ ಗುರುತು ಹಾಕುವುದಿತ್ತು. ‘ಮ್ಹಾದೆಯಿ’ಯ ಉಗ್ರಾಣಕ್ಕೆ ಪೊಟ್ಟಣಗಳು ಬಂದದ್ದು ಮೈಸೂರಿನಿಂದ, 1961ರಲ್ಲಿ ಅಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾಲಯದಿಂದ. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಒಯ್ದ ಬುತ್ತಿಯೂ ಅಲ್ಲಿಯದೇ. ಅಡುಗೆಯನ್ನು ಅಲ್ಯೂಮಿನಿಯಂ ಹಾಳೆ ಸೇರಿದ ಚೀಲದಲ್ಲಿ ಮುಚ್ಚಿ, ಒತ್ತಡದಲ್ಲಿ ಸುಮಾರು 120 ಡಿಗ್ರಿಯವರೆಗೆ ಕಾಯಿಸುತ್ತಾರೆ. ಶೀತಪೆಟ್ಟಿಗೆಯಿಲ್ಲದೆ ವರ್ಷದ ತನಕ ಕೆಡದು. ಚೀಲವನ್ನು ಬಿಸಿನೀರಿನಲ್ಲಿಟ್ಟರೆ ಊಟ ಸಿದ್ಧ, ಮತ್ತು ಆ ನೀರು ಸಮುದ್ರದ್ದೇ ಆದರೂ ಚಿಂತೆಯಿಲ್ಲ. ಕುಡಿಯುವ ನೀರು ಒಂದು ಲೋಟ ಉಳಿಯಿತು. ಅಲ್ಲಿ ಆ ಲೋಟದ ಬೆಲೆಯೇ ಬೇರೆ.

ಇಷ್ಟೆಲ್ಲ ಸಿದ್ಧತೆಯಿದ್ದರೂ ಕಡಲು ಲೆಕ್ಕ ತಪ್ಪಿಸುತ್ತದೆ. ‘ಸುಹೈಲಿ’ಯ ಐವತ್ತನೆಯ ವರ್ಷಕ್ಕೆಂದು 2018ರಲ್ಲಿ ಅದೇ ಸ್ಪರ್ಧೆಯನ್ನು ಮತ್ತೆ ನಡೆಸಿದಾಗ, ಹಳೆಯ ಕಾಲದ ಸಲಕರಣೆಗಳೇ ಇರಬೇಕೆಂದು ನಿಯಮ: ಕಾಗದದ ನಕ್ಷೆ, ಸೂರ್ಯ-ನಕ್ಷತ್ರಗಳ ಎತ್ತರ ಅಳೆಯುವ ಸೆಕ್ಸ್‌ಟಂಟ್. ಅಭಿಲಾಷ್ ಹೋದ ‘ತುರಿಯ’ ಗೋವೆಯಲ್ಲಿ ‘ಸುಹೈಲಿ’ಯ ಮಾದರಿಯಲ್ಲೇ ಕಟ್ಟಿದ ದೋಣಿ. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಅದು ಮಗುಚಿ, ಹಾಯಿಕಂಬ ಮುರಿಯಿತು. ಅವರ ಬೆನ್ನುಮೂಳೆಗೆ ಪೆಟ್ಟು ಬಿತ್ತು. ಆಸ್ಟ್ರೇಲಿಯದ ಪರ್ತ್ ಅಲ್ಲಿಂದ 1,900 ನಾವಿಕ ಮೈಲಿ ದೂರ. ಎದ್ದು ನಿಲ್ಲಲಾರದೆ ಹಲಗೆಯ ಮೇಲೆ ಬಿದ್ದುಕೊಂಡಿದ್ದವರನ್ನು ಮೊದಲು ನಮ್ಮ ನೌಕಾದಳದ ವಿಮಾನ ಕಂಡಿತು. 24ರಂದು ‘ಒಸಿರಿಸ್’ ಎಂಬ ಫ್ರೆಂಚ್ ಹಡಗಿನವರು ಎತ್ತಿಕೊಂಡು ಆಮ್‌ಸ್ಟರ್‌ಡಾಮ್ ದ್ವೀಪಕ್ಕೆ ಒಯ್ದರು. ‘ತುರಿಯ’ ಅಲ್ಲಿಯೇ ಉಳಿಯಿತು.

ಅಭಿಲಾಷ್ ನಾಲ್ಕು ವರ್ಷ ಕಳೆದು ಅದೇ ಸ್ಪರ್ಧೆಗೆ ಮತ್ತೆ ಇಳಿದರು. ಈ ಸಲ 2023ರ ಏಪ್ರಿಲ್ 29ರಂದು, ದಕ್ಷಿಣ ಆಫ್ರಿಕದ ಕರ್ಸ್ಟನ್ ನೊಯ್‌ಶೇಫರ್ ಎಂಬ ಮಹಿಳೆಯ ಹಿಂದೆ ಎರಡನೆಯವರಾಗಿ ದಡ ಸೇರಿದರು.