ಕಾರ್ನ್‌ವಾಲಿಸ್ ಸೋತ ಊರಿನಲ್ಲಿ

ನನ್ನ ಹಳೆಯ ವಿದ್ಯಾರ್ಥಿಗಳಿಗೆಲ್ಲ ಕಾರ್ನ್‌ವಾಲಿಸನ ಪರಿಚಯವುಂಟು. ಮೂರನೆಯ ಮೈಸೂರು ಯುದ್ಧದ ಪಾಠದಲ್ಲಿ ಅವನನ್ನು ಗೆದ್ದವನಾಗಿಯೇ ಕಂಡವರು ನೀವು. 1792ರ ಫೆಬ್ರವರಿ 6ರ ರಾತ್ರಿ ನಮ್ಮ ಕಿರಂಗೂರಿನ ದಿಕ್ಕಿನಿಂದ, ಅಂದರೆ ಕಾವೇರಿಯ ಉತ್ತರದ ಬಯಲಿನಿಂದ, ಶ್ರೀರಂಗಪಟ್ಟಣದ ಮೇಲೆ ಎರಗಿದವನು ಅವನೇ. ಮಾರ್ಚ್ ತಿಂಗಳ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ತೆರಲು ಒಪ್ಪಿ, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಿಡಬೇಕಾಯಿತು.

ಅಮೆರಿಕದ ಮಗಳ ಮನೆಗೆ ಹೋಗಿದ್ದಾಗ ವರ್ಜೀನಿಯಾದ ಯಾರ್ಕ್‌ಟೌನ್ ನೋಡಿಬಂದೆ. ಅಲ್ಲಿ ಇದೇ ಕಾರ್ನ್‌ವಾಲಿಸ್ ಸೋತವನು. 1781ರ ಅಕ್ಟೋಬರ್ 19ರಂದು ಅವನ ಸೈನ್ಯ ವಾಷಿಂಗ್ಟನ್ ಹಾಗೂ ಫ್ರೆಂಚರ ಮುಂದೆ ಶಸ್ತ್ರ ಕೆಳಗಿಟ್ಟಿತು. ಮೈ ಸರಿಯಿಲ್ಲವೆಂದು ಹೇಳಿ ತಾನು ಬಾರದೆ, ಖಡ್ಗ ಒಪ್ಪಿಸಲು ಓಹಾರಾ ಎಂಬ ಸೇನಾನಿಯನ್ನು ಕಳುಹಿಸಿದನು. (ಪರೀಕ್ಷೆಯ ದಿನ ಹೊಟ್ಟೆನೋವು ಬರುತ್ತಿದ್ದವರು ನಿಮ್ಮಲ್ಲಿಯೂ ಕೆಲವರಿದ್ದಿರಿ!) ಐದೇ ವರ್ಷಗಳಲ್ಲಿ, 1786ರಲ್ಲಿ, ಅವನು ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದನು. ಅಮೆರಿಕನ್ನರಿಗೆ ಒದಗಿದ ಫ್ರೆಂಚರೇ ಹೈದರ್, ಟಿಪ್ಪುಗಳಿಗೂ ಮಿತ್ರರು. ಅವರು ಬೀಡುಬಿಟ್ಟಿದ್ದರಿಂದಲೇ ನಮ್ಮ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು.

"ಹಾಗಾದರೆ ಅವನು ನಮ್ಮವರ ಕೈಲಿ ಸೋತನೋ, ನಮ್ಮವರನ್ನು ಗೆದ್ದನೋ, ತಾತ?" ಎಂದು ಅಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಗಳು ಕೇಳಿದಳು. ಎರಡೂ ಎಂದೆ.

ಅವಳಿಗೆ ಒಂದು ಹಡಗಿನ ಕಥೆಯನ್ನೂ ಹೇಳಿದೆ. ಇಂಗ್ಲಿಷರನ್ನು ಹೈದರಾಲಿ ನಡುಗಿಸಿದ ಸುದ್ದಿ ಕಡಲಾಚೆಗೂ ಮುಟ್ಟಿತ್ತು. ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಯೊಂದಕ್ಕೆ 'ಹೈದರ್ ಅಲಿ' ಎಂದೇ ಹೆಸರಿಟ್ಟಿದ್ದರು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ, ಇಪ್ಪತ್ತೆರಡರ ಹರೆಯದ ಜೋಶುವಾ ಬಾರ್ನಿಯ ನಾಯಕತ್ವದಲ್ಲಿ, ಆ ನೌಕೆ ತನಗಿಂತ ಬಲವಾದ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಎಲ್ಲಿಯ ಶ್ರೀರಂಗಪಟ್ಟಣ, ಎಲ್ಲಿಯ ಡೆಲವೇರ್!

ಕುಲದಿಂದಲ್ಲ, 1776ರ ಘೋಷಣೆಯ ತತ್ತ್ವಗಳನ್ನು ಒಪ್ಪುವುದರಿಂದ ಮನುಷ್ಯನು ಅಮೆರಿಕನ್ ಆಗುತ್ತಾನೆಂಬುದು ಆ ದೇಶದವರು ಅಭಿಮಾನದಿಂದ ಹೇಳಿಕೊಳ್ಳುವ ಮಾತು. ಮಾತು ದೊಡ್ಡದೇ. ಆದರೆ ಹೈದರನ ಹೆಸರಿನ ಹಡಗು ಗೆದ್ದ ಎಂಟು ವರ್ಷಗಳಲ್ಲಿಯೇ, 1790ರಲ್ಲಿ, ಹೊರಗಿನಿಂದ ಬಂದವರಲ್ಲಿ ಸ್ವತಂತ್ರರಾದ ಬಿಳಿಯರಿಗೆ ಮಾತ್ರ ಪೌರತ್ವವೆಂದು ಅವರು ಕಾನೂನು ಮಾಡಿದರು. ಹೈದರನ ಹೆಸರು ಬೇಕಾಗಿತ್ತು, ಅವನ ನಾಡಿನವನು ಬೇಕಾಗಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕನಾಗಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಬಿಳಿಯನಲ್ಲ, ಆದ್ದರಿಂದ ಪ್ರಜೆಯಾಗಲಾರ ಎಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಭಾರತೀಯರಿಗೆ ಬಾಗಿಲು ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರು ಜನರಷ್ಟು ವಲಸೆಗೆ. 1965ರ ಕಾನೂನು ಬಂದ ಮೇಲೆಯೇ ನಮ್ಮ ಇಂಜಿನಿಯರುಗಳೂ ಡಾಕ್ಟರುಗಳೂ ದೊಡ್ಡ ಸಂಖ್ಯೆಯಲ್ಲಿ ಹೋಗಲು ದಾರಿಯಾಯಿತು.

ನನ್ನ ವಿದ್ಯಾರ್ಥಿಗಳಲ್ಲಿ ಈಗ ಆ ದೇಶದ ಪ್ರಜೆಗಳಾದವರು ಹಲವರಿದ್ದೀರಿ. ಕೈಯೆತ್ತಿ ಪ್ರತಿಜ್ಞೆ ಸ್ವೀಕರಿಸಿ, ಭಾರತದ ಪಾಸ್‌ಪೋರ್ಟ್ ಹಿಂದಿರುಗಿಸಿದಾಗ ನಿಮ್ಮ ಮನಸ್ಸಿಗೆ ಏನನ್ನಿಸಿತು? ಬಿಡುವಾದಾಗ ಬರೆದು ತಿಳಿಸಿರಿ.