ಮಹಾನಗರದ ನಕ್ಷೆಯಲ್ಲಿ ನಮ್ಮೂರು

ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಗುರುಗಳನ್ನೂ ಗೆಳೆಯರನ್ನೂ ನೆನೆಯುವವರು ಅನೇಕರಿದ್ದಾರೆ. ಇಲ್ಲೇ ಓದಿ, ಮುಂದೆ ಇಲ್ಲೇ ಕೆಲವು ವರ್ಷ ಸಮಾಜ ವಿಜ್ಞಾನ ಕಲಿಸಿದ ನಾನು, ಈ ಐವತ್ತು ವರ್ಷಗಳಲ್ಲಿ ಬಿಡದಿ ಸೀಮೆಯ ನಮ್ಮ ಹಳ್ಳಿಗಳು ಬೆಂಗಳೂರಿನ ಲೆಕ್ಕಕ್ಕೆ ಸೇರಿದ ಕಥೆಯನ್ನು ಹೇಳಬೇಕೆಂದಿದ್ದೇನೆ.

ನಾವು ಹುಡುಗರಾಗಿದ್ದಾಗ ಬೆಂಗಳೂರು ದೂರದ ಊರು. ಅಪ್ಪ ರೇಷ್ಮೆಗೂಡಿನ ಮೂಟೆ ಹೊತ್ತು ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದರು. ನಮಗೆ ಅದೇ ಪೇಟೆ. ಅತ್ತ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ನಂಥ ಕಾರ್ಖಾನೆಗಳ ಆಸರೆಯಲ್ಲಿ ಬೆಂಗಳೂರು ಬೆಳೆಯುತ್ತಿತ್ತು. 1971ರಲ್ಲಿ ಸುಮಾರು 16.5 ಲಕ್ಷವಿದ್ದ ಜನಸಂಖ್ಯೆ 1981ಕ್ಕೆ 29 ಲಕ್ಷ ದಾಟಿತು. 1976ರಲ್ಲಿ ಹುಟ್ಟಿದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕೆಲಸ ನಗರಕ್ಕೆ ಸೀಮಿತವಾಗಿತ್ತು. ನಗರದ ಭಾರವನ್ನು ನಗರದೊಳಗೇ ಇಳಿಸಲಾಗದೆಂದು ಕಂಡಾಗ 1985ರ ಕಾಯ್ದೆಯಂತೆ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ ರಚನೆಯಾಯಿತು. ಸುಮಾರು 8 ಸಾವಿರ ಚದರ ಕಿಲೋಮೀಟರಿನ ಅದರ ನಕ್ಷೆಯೊಳಗೆ ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರಗಳೂ ಸೇರಿದವು. ನಮಗರಿವಿಲ್ಲದಂತೆ ನಾವು ಮಹಾನಗರ ಪ್ರದೇಶದವರಾಗಿದ್ದೆವು!

ಉದ್ದೇಶ ಒಳ್ಳೆಯದೇ ಆಗಿತ್ತು. ಕೈಗಾರಿಕೆ ಸುತ್ತಲಿನ ಊರುಗಳಿಗೆ ಹರಡಿದರೆ ನಗರದ ಒತ್ತಡ ತಗ್ಗುತ್ತದೆ, ಹಳ್ಳಿಯವರಿಗೆ ಹತ್ತಿರದಲ್ಲೇ ಉದ್ಯೋಗ ಸಿಗುತ್ತದೆ ಎಂಬುದು ಪ್ರಾದೇಶಿಕ ಯೋಜನೆಯ ಮೂಲ ವಿಚಾರ. ಬಿಡದಿಯಲ್ಲಿ ಕೈಗಾರಿಕಾ ಪ್ರದೇಶವಾಯಿತು. 1999ರ ಕೊನೆಗೆ ಟೊಯೊಟಾ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಹೊಲಗಳಿದ್ದ ಕಡೆ ಪಾಳಿಯ ಬಸ್ಸುಗಳು ಓಡಾಡತೊಡಗಿದವು.

ಆ ವರ್ಷಗಳಲ್ಲಿ ನನ್ನ ಶಿಷ್ಯನೊಬ್ಬ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಹಿಡಿದು ಒಂದು ಕಾರ್ಖಾನೆಯ ಗೇಟಿಗೆ ಹೋಗಿ ಹಿಂದಿರುಗಿದ. "ಸಾರ್, ಐಟಿಐ ಇಲ್ಲ ಅಂದ್ರೆ ಗುತ್ತಿಗೆ ಕೆಲಸ ಅಷ್ಟೇ ಅಂತೆ" ಎಂದ. ಅವನಪ್ಪನ ಜಮೀನು ಆಗಲೇ ಕೈಬಿಟ್ಟಿತ್ತು. ಕಾರ್ಖಾನೆ ಬರುವುದು ನಮಗೆಲ್ಲ ಗೊತ್ತಿತ್ತು. ಅದಕ್ಕೆ ಮಕ್ಕಳನ್ನು ಸಿದ್ಧಗೊಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಐಟಿಐ, ಡಿಪ್ಲೊಮಾಗಳ ಬಗ್ಗೆ ತರಗತಿಯಲ್ಲಿ ಒಂದು ದಿನವೂ ಮಾತನಾಡದ ನನ್ನ ಲೋಪವೂ ಅದರಲ್ಲಿದೆ. ಇವತ್ತಿಗೂ ಅದು ಮನಸ್ಸನ್ನು ಚುಚ್ಚುತ್ತದೆ.

ನೀರಿನ ಕಥೆಯೂ ಇಂಥದ್ದೇ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ ದಾಟಿ ನಗರಕ್ಕೆ ಏರಿತು. ನಗರದ ಕೊಳಚೆ ವೃಷಭಾವತಿಯಲ್ಲಿ ನಮ್ಮ ಬೈರಮಂಗಲ ಕೆರೆಗೆ ಇಳಿಯಿತು. ಕೆರೆಯ ನೊರೆ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

2006ರ ಹೊತ್ತಿಗೆ ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿಗಳಲ್ಲಿ ಉಪನಗರಗಳ ಯೋಜನೆ ಪ್ರಕಟವಾಯಿತು. ವರ್ಷಗಟ್ಟಲೆ ಅದು ಕಾಗದದಲ್ಲೇ ಉಳಿಯಿತು. ಭೂಮಿ ಉಳಿಯುವುದೋ ಹೋಗುವುದೋ ತಿಳಿಯದೆ ಬೋರ್‌ವೆಲ್ ಕೊರೆಸಲೂ ಹಿಂಜರಿದವರನ್ನು ನಾನು ಬಲ್ಲೆ. ಈಗ ಬಿಡದಿ ಯೋಜನೆಗೆ ಮತ್ತೆ ಜೀವ ಬಂದಿದೆ, ರೈತರ ವಿರೋಧವೂ ಎದ್ದಿದೆ.

ಈ ಇತಿಹಾಸದಿಂದ ನಾನು ಕಲಿತದ್ದು ಒಂದೇ. ಎಷ್ಟು ಎಕರೆ, ಎಷ್ಟು ಕೋಟಿ ಬಂಡವಾಳ ಎಂಬುದಷ್ಟೇ ಅಭಿವೃದ್ಧಿಯ ಗುರಿಯಾಗಬಾರದು. ಭೂಮಿ ಕೊಟ್ಟ ಮನೆಯ ಎಷ್ಟು ಮಕ್ಕಳಿಗೆ ಕಾಯಂ ಕೆಲಸ ಸಿಕ್ಕಿತು, ಕೆರೆ ಎಷ್ಟು ಶುದ್ಧವಾಯಿತು, ರೇಷ್ಮೆ ಬೆಳೆವ ಕುಟುಂಬ ಉಳಿಯಿತೇ ಎಂಬುದೂ ಗುರಿಯ ಪಟ್ಟಿಯಲ್ಲಿ ಇರಬೇಕು. ಕರಡು ಯೋಜನೆ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಕಾನೂನಿನಲ್ಲಿ ಅವಕಾಶವಿದೆ. ಹಿಂದೆ ಅದನ್ನು ಓದಿ ಹೇಳುವವರು ಊರಿನಲ್ಲಿ ಇರಲಿಲ್ಲ. ಈಗ ಈ ಶಾಲೆಯಲ್ಲಿ ಓದಿದ ವಕೀಲರಿದ್ದಾರೆ, ಎಂಜಿನಿಯರುಗಳಿದ್ದಾರೆ, ಶಿಕ್ಷಕರಿದ್ದಾರೆ. ಮುಂದಿನ ನಕ್ಷೆ ಬಂದಾಗ ಅವರು ಊರಿಗೆ ಬಂದು ಅದನ್ನು ಅರಳಿಕಟ್ಟೆಯ ಮೇಲೆ ಬಿಡಿಸಿಟ್ಟು ಹಿರಿಯರಿಗೆ ಓದಿ ಹೇಳಲಿ. ಶಾಲೆಯ ಋಣ ತೀರಿಸಲು ಇದೂ ಒಂದು ದಾರಿ.